ವನಪಾಲನೆಯೂ ವಿಶ್ವಸ್ತಧರ್ಮವೂ

ಬಸದಿಯೊಂದರ ಆಡಳಿತವನ್ನು ವಹಿಸಿಕೊಂಡ ಮೊಕ್ತೇಸರನು ಆ ಬಸದಿಯ ಒಡೆಯನಲ್ಲ. ಹಿರಿಯರು ಬಿಟ್ಟುಹೋದ ಗದ್ದೆ, ತೋಟ, ಬೆಳ್ಳಿಯ ಪ್ರಭಾವಳಿ, ಬ್ಯಾಂಕಿನ ಠೇವಣಿ ಇವೆಲ್ಲವೂ ಅವನ ಸಹಿಗೆ ಅಧೀನವಾಗಿರುತ್ತವೆ. ಆದರೆ ಅವುಗಳಲ್ಲಿ ಒಂದು ಕಾಸೂ ಅವನದಲ್ಲ. ಮೂಲಧನವನ್ನು ಮುಟ್ಟದೆ, ಅದರ ಉತ್ಪತ್ತಿಯಿಂದ ನಿತ್ಯಪೂಜೆ, ಅಭಿಷೇಕ, ಜೀರ್ಣೋದ್ಧಾರಗಳನ್ನು ನಡೆಸಿ, ತಾನು ಪಡೆದುದಕ್ಕಿಂತ ಕಡಿಮೆಯಾಗದಂತೆ ಮುಂದಿನವರಿಗೆ ಒಪ್ಪಿಸುವುದೇ ಅವನ ಧರ್ಮ. ದೇವದ್ರವ್ಯವನ್ನು ಸ್ವಂತಕ್ಕೆ ಬಳಸುವುದು ಘೋರಪಾಪವೆಂಬುದು ಶ್ರಾವಕರ ಮನೆಯ ಮಕ್ಕಳಿಗೂ ತಿಳಿದ ವಿಷಯ. ಈ ವಿಶ್ವಸ್ತಧರ್ಮವನ್ನು ನಾಡಿನ ಅರಣ್ಯಗಳ ಪಾಲನೆಗೆ ಅನ್ವಯಿಸಿದರೆ ಏನು ಫಲಿಸುತ್ತದೆ ಎಂಬುದು ವಿಚಾರಾರ್ಹವಾಗಿದೆ.

ಸರ್ಕಾರಿ ಅರಣ್ಯವೆಂದರೆ ಸರ್ಕಾರದ ಸ್ವತ್ತು ಎಂಬುದು ಲೋಕರೂಢಿಯ ಮಾತು. ಆದರೆ ಸರ್ಕಾರವೂ ಇಲ್ಲಿ ಮೊಕ್ತೇಸರನ ಸ್ಥಾನದಲ್ಲಿಯೇ ಇದೆ. 1976ರಲ್ಲಿ ಸಂವಿಧಾನಕ್ಕೆ ಮಾಡಿದ 42ನೆಯ ತಿದ್ದುಪಡಿಯು ಅರಣ್ಯ ಮತ್ತು ವನ್ಯಜೀವಿಗಳನ್ನು ರಕ್ಷಿಸುವುದು ರಾಜ್ಯದ ಹೊಣೆಯೆಂದು 48-ಎ ವಿಧಿಯಲ್ಲಿಯೂ, ಜೀವಿಗಳಲ್ಲಿ ಅನುಕಂಪ ತೋರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು 51-ಎ ವಿಧಿಯಲ್ಲಿಯೂ ಹೇಳಿತು. ಹಾಗಾದರೆ ಈ ವಿಶ್ವಸ್ತನಿಧಿಯ ಫಲಾನುಭವಿಗಳು ಯಾರು? ಮೊದಲನೆಯವರು ಈಗ ಬದುಕಿರುವ ಜನರು. ಎರಡನೆಯವರು ಇನ್ನೂ ಹುಟ್ಟದ ಜನರು. ಮೂರನೆಯವು ಏಕೇಂದ್ರಿಯ ಸಸ್ಯಗಳಿಂದ ಮೊದಲ್ಗೊಂಡು ಪಂಚೇಂದ್ರಿಯ ಪ್ರಾಣಿಗಳವರೆಗಿನ ಅಸಂಖ್ಯ ಜೀವಗಳು. ಬಸದಿಯ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸುವವರಾದರೂ ಇರುತ್ತಾರೆ. ಹುಟ್ಟದ ಮಗುವಾಗಲಿ, ಶೋಲಾ ಕಾಡಿನ ಸಿಂಗಳೀಕವಾಗಲಿ ಯಾವ ಸಭೆಗೂ ಬರುವುದಿಲ್ಲ. ಪ್ರಶ್ನಿಸುವವರಿಲ್ಲದ ನಿಧಿಯನ್ನು ಕಾಯುವವನಿಗೆ ಅಂತಃಸಾಕ್ಷಿಯ ಹೊರತು ಬೇರೆ ಲೆಕ್ಕಪರಿಶೋಧಕನಿಲ್ಲ. ಆದುದರಿಂದ ಅವನ ಹೊಣೆ ಬಸದಿಯ ಮೊಕ್ತೇಸರನ ಹೊಣೆಗಿಂತ ಗುರುತರವಾದುದು.

ಷಟ್‌ಲೇಶ್ಯೆಗಳನ್ನು ವಿವರಿಸುವ ದೃಷ್ಟಾಂತವು ಬಸದಿಗಳ ಗೋಡೆಯ ಚಿತ್ರಗಳಿಂದ ಎಲ್ಲರಿಗೂ ಪರಿಚಿತವಾಗಿದೆ. ಹಸಿದ ಆರು ಮಂದಿ ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕೀಳಬೇಕೆನ್ನುತ್ತಾನೆ. ನೀಲಲೇಶ್ಯೆಯವನು ಕಾಂಡವನ್ನು, ಕಾಪೋತಲೇಶ್ಯೆಯವನು ದೊಡ್ಡ ಕೊಂಬೆಗಳನ್ನು, ಪೀತಲೇಶ್ಯೆಯವನು ರೆಂಬೆಗಳನ್ನು ಕಡಿಯಬೇಕೆನ್ನುತ್ತಾನೆ. ಪದ್ಮಲೇಶ್ಯೆಯವನಿಗೆ ಹಣ್ಣನ್ನು ಮಾತ್ರ ಕೊಯ್ದರೆ ಸಾಕು. ಶುಕ್ಲಲೇಶ್ಯೆಯವನು ಉದುರಿದ ಹಣ್ಣಿನಿಂದಲೇ ತೃಪ್ತನಾಗುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆರು ಮಂದಿಯ ಹಸಿವೂ ಒಂದೇ. ಹಸಿವು ತಪ್ಪೆಂದು ದೃಷ್ಟಾಂತ ಹೇಳುವುದಿಲ್ಲ. ಹಸಿವನ್ನು ತೀರಿಸಿಕೊಳ್ಳುವಾಗ ಎಷ್ಟು ಹಾನಿಗೆ ಮನಸ್ಸು ಒಪ್ಪುತ್ತದೆ ಎಂಬುದರಲ್ಲಿಯೇ ಪರಿಣಾಮದ ಬಣ್ಣ ಅಡಗಿದೆ. ಅರಣ್ಯದ ಆಡಳಿತವೆಂದರೆ ಬೇರೇನೂ ಅಲ್ಲ. ಕೋಟ್ಯಂತರ ಜನರ ಹಸಿವನ್ನು ಕಾಪೋತದಿಂದ ಪದ್ಮದ ಕಡೆಗೆ ಕೊಂಡೊಯ್ಯುವ ಕಷ್ಟದ ಕೆಲಸ.

ಈ ಕೆಲಸವನ್ನು ಸರ್ಕಾರಗಳು ಕೈಗೆತ್ತಿಕೊಂಡಾಗ ಅವುಗಳ ಉದ್ದೇಶ ಇಷ್ಟು ಉನ್ನತವಾಗಿರಲಿಲ್ಲ. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅವರನ್ನು ಬ್ರಿಟಿಷ್ ಭಾರತದ ಪ್ರಥಮ ಅರಣ್ಯ ಮಹಾನಿರೀಕ್ಷಕರನ್ನಾಗಿ ನೇಮಿಸಿದಾಗ ಸರ್ಕಾರಕ್ಕೆ ಬೇಕಾಗಿದ್ದುದು ರೈಲು ಹಳಿಗಳ ಕೆಳಗೆ ಹಾಸುವ ಮರ. ಅಮೆರಿಕದಲ್ಲಿ 1905ರಲ್ಲಿ ಅರಣ್ಯ ಸೇವೆಯ ಮೊದಲ ಮುಖ್ಯಸ್ಥರಾದ ಗಿಫರ್ಡ್ ಪಿಂಚೋ ಅವರು ಅತ್ಯಧಿಕ ಜನರಿಗೆ ದೀರ್ಘಕಾಲದಲ್ಲಿ ಅತ್ಯಧಿಕ ಹಿತವಾಗುವಂತೆ ಅರಣ್ಯಗಳನ್ನು ನಿರ್ವಹಿಸಬೇಕೆಂಬ ತತ್ತ್ವವನ್ನು ಮುಂದಿಟ್ಟರು. ಅಲಾಸ್ಕಾದ ಕಲ್ಲಿದ್ದಲು ಭೂಮಿಯ ವಿಚಾರದಲ್ಲಿ ತಮ್ಮದೇ ಸರ್ಕಾರದ ಸಚಿವರನ್ನು ಬಹಿರಂಗವಾಗಿ ಎದುರಿಸಿ 1910ರಲ್ಲಿ ಹುದ್ದೆಯನ್ನೂ ಕಳೆದುಕೊಂಡರು. ದೀರ್ಘಕಾಲವೆಂಬ ಮಾತನ್ನು ಸೇರಿಸಿದುದು ಪಿಂಚೋ ಅವರ ಹಿರಿಮೆ. ಹುಟ್ಟದವರಿಗೂ ಅದರಿಂದ ಲೆಕ್ಕದಲ್ಲಿ ಜಾಗ ದೊರೆಯಿತು. ಆದರೂ ಆ ತತ್ತ್ವದಲ್ಲಿ ಒಂದು ಕೊರತೆಯಿದೆ. ಅತ್ಯಧಿಕ ಜನರ ಹಿತವನ್ನು ಕೂಡಿಸುವಾಗ ಅಲ್ಪಸಂಖ್ಯೆಯವರ ನಷ್ಟವು ಮೊತ್ತದಲ್ಲಿ ಮುಳುಗಿಹೋಗುತ್ತದೆ. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಅಲ್ಲಿ ಜೀವಗಳನ್ನು ಕೂಡಿಸಿ ಕಳೆಯುವ ಲೆಕ್ಕವಿಲ್ಲ. ಪ್ರತಿಯೊಂದು ಜೀವಕ್ಕೂ ತನ್ನದೇ ಖಾತೆಯಿದೆ.

ಈ ಎರಡು ಪ್ರಶ್ನೆಗಳು, ಅಂದರೆ ಮೂಲಧನ ಉಳಿಯಿತೇ ಎಂಬುದೂ ಅದನ್ನು ಉಳಿಸುವ ವೆಚ್ಚ ಯಾರ ಖಾತೆಗೆ ಬಿದ್ದಿತು ಎಂಬುದೂ, ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲಿ ಕಳೆದ ಅರ್ಧ ಶತಮಾನದಲ್ಲಿ ಕಣ್ಣಾರೆ ಪರೀಕ್ಷೆಗೊಳಗಾಗಿವೆ.

ಘಟ್ಟದ ಮೇಲಿನ ಕಳಸ, ಘಟ್ಟದ ಕೆಳಗಿನ ಕಾರ್ಕಳ ಇವೆರಡನ್ನೂ ಒಂದೇ ರಾಜ್ಯವಾಗಿ ಆಳಿದವರು ಜೈನ ಮತಾವಲಂಬಿಗಳಾದ ಭೈರರಸ ಒಡೆಯರು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನು ಆ ವಂಶದವನು. ಆ ರಾಜ್ಯದ ನಡುವೆ ಎದ್ದು ನಿಂತಿದ್ದ ಬೆಟ್ಟಸಾಲೇ ಕುದುರೆಮುಖ. ಅಲ್ಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುತ್ತವೆ. ನೇತ್ರಾವತಿ ಮಂಗಳೂರಿಗೆ ನೀರುಣಿಸುತ್ತದೆ. ಭದ್ರೆ ಕಳಸವನ್ನು ಬಳಸಿ ಲಕ್ಕವಳ್ಳಿಯ ಅಣೆಕಟ್ಟನ್ನು ಸೇರಿ ಶಿವಮೊಗ್ಗ, ದಾವಣಗೆರೆಗಳ ಗದ್ದೆತೋಟಗಳನ್ನು ತಣಿಸುತ್ತದೆ. ಹೊಸಪೇಟೆಯ ಜಲಾಶಯದ ಕೆಳಗೆ ಭತ್ತ ಬೆಳೆಯುವ ರಾಯಚೂರಿನ ರೈತನು ಕುದುರೆಮುಖವನ್ನು ಎಂದೂ ಕಂಡಿರಲಾರನು. ಆದರೂ ಅವನ ಅನ್ನದ ಒಂದು ಪಾಲು ಆ ಬೆಟ್ಟದ ಹುಲ್ಲುಗಾವಲಿನಲ್ಲಿ ಇಂಗಿದ ಮಳೆಯಿಂದ ಬಂದುದಾಗಿದೆ.

ಆ ಬೆಟ್ಟದ ಗರ್ಭದಲ್ಲಿ ಕಬ್ಬಿಣದ ಅದಿರೂ ಇತ್ತು. 1969ರಿಂದ 30 ವರ್ಷಗಳ ಗಣಿ ಗುತ್ತಿಗೆ ಆರಂಭವಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಎಂಬ ಸಾರ್ವಜನಿಕ ಉದ್ಯಮ ಸ್ಥಾಪಿತವಾಯಿತು. ಅದಿರನ್ನು ಕೊಳ್ಳಬೇಕಾಗಿದ್ದ ಇರಾನ್ ದೇಶವು 1979ರ ಕ್ರಾಂತಿಯ ಬಳಿಕ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ. ಅದಿರನ್ನು ನೀರಿನೊಡನೆ ರಾಡಿಯಾಗಿಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಯಿತು; ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಶೇಖರವಾಯಿತು. ಈ ಉದ್ಯಮ ದೇಶಕ್ಕೆ ವಿದೇಶಿ ವಿನಿಮಯವನ್ನು ಗಳಿಸಿಕೊಟ್ಟಿತು. ದುರ್ಗಮವಾದ ಮಲೆಯಲ್ಲಿ ಶಾಲೆ, ಆಸ್ಪತ್ರೆ, ಮನೆಗಳಿದ್ದ ಊರೊಂದನ್ನು ಕಟ್ಟಿತು. ಅದನ್ನು ಕೇವಲ ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಸಂಪೂರ್ಣವಾಗಿ ತಪ್ಪದೆಂದು ಶ್ರಾವಕಾಚಾರವೇ ಒಪ್ಪಿದೆ.

ಆದರೆ ಒಪ್ಪಿದುದು ಪರಿಮಿತಿಯೊಳಗೆ ಮಾತ್ರ. ಭೂಮಿಯನ್ನು ಒಡೆಯುವ ಸ್ಫೋಟಕರ್ಮ, ಕಾಡನ್ನು ಕಡಿಯುವ ವನಕರ್ಮ, ಕಾಡಿಗೆ ಬೆಂಕಿಯಿಡುವ ದವಾಗ್ನಿದಾನ ಇವುಗಳನ್ನು ಆಚಾರ್ಯರು ವರ್ಜ್ಯವಾದ ಖರಕರ್ಮಗಳ ಪಟ್ಟಿಯಲ್ಲಿ ಸೇರಿಸಿದುದು ಅಕಾರಣವಲ್ಲ. ಇಂಥ ವೃತ್ತಿಗಳಲ್ಲಿ ಬಂಡವಾಳವೂ ಉತ್ಪತ್ತಿಯೂ ಒಂದೇ ಆಗಿಬಿಡುತ್ತವೆ. ವಾಣಿಜ್ಯಶಾಸ್ತ್ರವನ್ನು ಓದಿದ ಯಾವ ವಿದ್ಯಾರ್ಥಿಯೂ ಯಂತ್ರದ ಸವಕಳಿಯನ್ನು ವರ್ಷವರ್ಷವೂ ಕಳೆದಲ್ಲದೆ ಲಾಭವನ್ನು ತೋರಿಸುವುದಿಲ್ಲ. ಬೆಟ್ಟದ ಸವಕಳಿಯನ್ನು ಬರೆಯಲು ಮಾತ್ರ ಜಮಾಖರ್ಚಿನ ಪುಸ್ತಕದಲ್ಲಿ ಅಂಕಣವಿಲ್ಲ. ಆದುದರಿಂದ ಬೆಟ್ಟವನ್ನು ಕರಗಿಸಿ ಪಡೆದ ಹಣವೆಲ್ಲವೂ ಆದಾಯದಂತೆ ಕಾಣುತ್ತದೆ. ಮೊಕ್ತೇಸರನೊಬ್ಬನು ಬಸದಿಯ ಗದ್ದೆಯನ್ನು ಮಾರಿ ಬಂದ ಹಣವನ್ನು ಆ ವರ್ಷದ ಉತ್ಪತ್ತಿಯೆಂದು ಬರೆದರೆ ಸಭೆ ಒಪ್ಪುವುದೇ?

1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ಗುತ್ತಿಗೆಯ ಅವಧಿ 1999ರಲ್ಲಿ ಮುಗಿಯಿತು. ಆದರೂ ತಾತ್ಕಾಲಿಕ ಅನುಮತಿಗಳ ಮೂಲಕ ಗಣಿ ಮುಂದುವರಿಯಿತು. ದಿಗ್ವ್ರತವನ್ನು ಕೈಗೊಂಡವನು ತಾನೇ ಹಾಕಿಕೊಂಡ ಎಲ್ಲೆಯನ್ನು ಹಿಗ್ಗಿಸಿದರೆ ಅದಕ್ಕೆ ಕ್ಷೇತ್ರವೃದ್ಧಿ ಎಂಬ ಅತಿಚಾರದ ಹೆಸರಿದೆ. ಎಲ್ಲೆಯನ್ನೇ ಮರೆತರೆ ಸ್ಮೃತ್ಯಂತರಾಧಾನವೆಂಬ ಹೆಸರಿದೆ. ಕಾಲದ ಎಲ್ಲೆಗೂ ಈ ಮಾತು ಸಲ್ಲುತ್ತದೆ.

ಆ ಎಲ್ಲೆಯನ್ನು ನೆನಪಿಸಿದವರು ಕೆ. ಎಂ. ಚಿಣ್ಣಪ್ಪನವರು. ಕೊಡಗಿನವರಾದ ಅವರು ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಕಳ್ಳಬೇಟೆಗಾರರನ್ನೂ ಮರಗಳ್ಳರನ್ನೂ ಎದುರಿಸಿ, ಅದಕ್ಕಾಗಿ ಕಷ್ಟನಿಷ್ಠುರಗಳನ್ನು ಅನುಭವಿಸಿ, 1993ರಲ್ಲಿ ಸ್ವಯಂ ನಿವೃತ್ತಿ ಪಡೆದಿದ್ದರು. ಅಧಿಕಾರ ಕೈಬಿಟ್ಟ ಮೇಲೂ ಹೊಣೆಯನ್ನು ಬಿಡದೆ, ಸಾಮಾನ್ಯ ನಾಗರಿಕನಾಗಿ ಅವರು ಸುಪ್ರೀಂ ಕೋರ್ಟಿನ ಮುಂದೆ ನಿಂತರು. 2002ರ ಅಕ್ಟೋಬರ್ 30ರ ತೀರ್ಪು 2005ರ ಅಂತ್ಯದವರೆಗೆ ಮಾತ್ರ, ಅದೂ ಆಗಲೇ ಅಗೆದಿದ್ದ ಪ್ರದೇಶದಲ್ಲಿ, ಗಣಿಗಾರಿಕೆಗೆ ಅವಕಾಶವಿತ್ತಿತು. 2005ರ ಡಿಸೆಂಬರ್ 31ರಂದು ಗಣಿ ನಿಂತಿತು. ಚಿಣ್ಣಪ್ಪನವರು 2024ರ ಫೆಬ್ರವರಿಯಲ್ಲಿ ನಿಧನರಾದರು. ನಾಯಕತ್ವವೆಂಬುದು ಕುರ್ಚಿಯ ಗುಣವಲ್ಲ, ಆತ್ಮದ ಪರಿಣಾಮ ಎಂಬುದಕ್ಕೆ ಅವರ ಜೀವನ ಸಾಕ್ಷಿಯಾಗಿದೆ.

ಮೂಲಧನ ಉಳಿಯಿತೇ ಎಂಬ ಮೊದಲ ಪ್ರಶ್ನೆಗೆ ಕುದುರೆಮುಖದಲ್ಲಿ ತಡವಾಗಿಯಾದರೂ ಉತ್ತರ ದೊರೆಯಿತು. ಎರಡನೆಯ ಪ್ರಶ್ನೆಗೆ ದೊರೆತ ಉತ್ತರ ಅಷ್ಟು ಸಮಾಧಾನಕರವಲ್ಲ. ಗಣಿಯನ್ನು ನಂಬಿದ್ದ ಊರು ಬರಿದಾಯಿತು. ಉದ್ಯಾನದ ಎಲ್ಲೆಯೊಳಗೆ ತಲೆಮಾರುಗಳಿಂದ ಸಾಗುವಳಿ ಮಾಡುತ್ತಿದ್ದ ಕುಟುಂಬಗಳು ಒಕ್ಕಲೆಬ್ಬಿಸುವ ಭಯದಲ್ಲಿ ವರ್ಷಗಳನ್ನು ಕಳೆದವು. ಗಣಿಯ ಲಾಭದಲ್ಲಿ ಪಾಲಿಲ್ಲದವರೇ ಸಂರಕ್ಷಣೆಯ ಭಾರವನ್ನು ಮೊದಲು ಹೊರಬೇಕಾಯಿತು. ಸ್ವಇಚ್ಛೆಯಿಂದ ಹೊರಬರಲು ಸಿದ್ಧರಾದವರ ಪುನರ್ವಸತಿಯೂ ಎರಡು ದಶಕಗಳು ಕಳೆದರೂ ಪೂರ್ಣವಾಗಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಅರಣ್ಯದಲ್ಲಿ ಬೇರೆಯೇ ಬಗೆಯ ಕಥೆ ನಡೆಯಿತು. 1951ರಲ್ಲಿ ಜಾಗರ ಕಣಿವೆಯ ವನ್ಯಧಾಮವಾಗಿ ಆರಂಭವಾಗಿ, 1974ರಲ್ಲಿ ಭದ್ರಾ ಅಭಯಾರಣ್ಯವಾಗಿ ವಿಸ್ತಾರಗೊಂಡ ಮುತ್ತೋಡಿ ಮತ್ತು ಲಕ್ಕವಳ್ಳಿಯ ಕಾಡುಗಳು 1998ರಲ್ಲಿ ಹುಲಿ ಯೋಜನೆಗೆ ಸೇರಿದವು. ಅಭಯಾರಣ್ಯದ ಒಳಗೆ ಹತ್ತಕ್ಕೂ ಹೆಚ್ಚು ಹಳ್ಳಿಗಳಿದ್ದವು. ಆನೆಗಳು ಭತ್ತವನ್ನು ತಿಂದುಹೋಗುತ್ತಿದ್ದವು; ಮಳೆಗಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದೇ ದುಸ್ತರವಾಗಿತ್ತು. ಸ್ಥಳಾಂತರದ ಮಾತು ದಶಕಗಳ ಕಾಲ ಕಡತದಲ್ಲಿಯೇ ಉಳಿಯಿತು. ಕೊನೆಗೆ 2001 ಮತ್ತು 2002ರಲ್ಲಿ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿ ಮತ್ತು ಮೂಡಿಗೆರೆ ತಾಲ್ಲೂಕಿನ ಕೆಳಗೂರುಗಳಿಗೆ ಸ್ಥಳಾಂತರಗೊಂಡವು. ಅರಣ್ಯಾಧಿಕಾರಿ ಯತೀಶ್ ಕುಮಾರ್ ಅವರು ಈ ಕಾರ್ಯದಲ್ಲಿ ಮುಂದಾಳಾಗಿದ್ದರು. ಚಿಕ್ಕಮಗಳೂರಿನ ವನ್ಯಜೀವಿ ಕಾರ್ಯಕರ್ತ ಡಿ. ವಿ. ಗಿರೀಶ್ ಅವರಂಥವರು ಜನರಿಗೂ ಇಲಾಖೆಗೂ ನಡುವೆ ಸೇತುವೆಯಾದರು. ನೀರಾವರಿಯುಳ್ಳ ಭೂಮಿ, ಮನೆ, ಶಾಲೆಗಳ ಏರ್ಪಾಡು ನಡೆಯಿತು. ಅನಂತರದ ಅಧ್ಯಯನಗಳಲ್ಲಿ ಬಹುಪಾಲು ಕುಟುಂಬಗಳು ತಮ್ಮ ಜೀವನಸ್ಥಿತಿಯ ಬಗ್ಗೆ ಸಮಾಧಾನವನ್ನೇ ವ್ಯಕ್ತಪಡಿಸಿವೆ. ಭಾರತದಲ್ಲಿ ಯಶಸ್ವಿ ಪುನರ್ವಸತಿಯ ಉದಾಹರಣೆ ಕೊಡಬೇಕಾದಾಗ ಇಂದಿಗೂ ಭದ್ರೆಯ ಹೆಸರನ್ನೇ ಹೇಳುತ್ತಾರೆ.

ಈ ಎರಡು ಸಂಗತಿಗಳನ್ನು ಪರ್ಯಾಲೋಚಿಸಿದಾಗ ಒಂದು ನೈತಿಕ ಸತ್ಯ ಸ್ಪಷ್ಟವಾಗುತ್ತದೆ. ಸಾರ್ವಜನಿಕ ವೇದಿಕೆಗಳಲ್ಲಿ ನಾಡಿನ ಹಿತಕ್ಕಾಗಿ ಕಾಡಿನ ಜನ ತ್ಯಾಗ ಮಾಡಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಜೈನಧರ್ಮದಲ್ಲಿ ತ್ಯಾಗಕ್ಕೆ ಅತ್ಯುನ್ನತ ಸ್ಥಾನವಿದೆ. ದಶಲಕ್ಷಣಗಳಲ್ಲಿ ಅದೂ ಒಂದು. ಆದುದರಿಂದಲೇ ಆ ಶಬ್ದದ ಅಪವ್ಯಯವನ್ನು ಜೈನರು ಸಹಿಸಬಾರದು. ತನ್ನ ವಸ್ತುವನ್ನು ತಾನೇ ಬಿಡುವುದು ತ್ಯಾಗ. ಒಬ್ಬನ ವಸ್ತುವನ್ನು ಇನ್ನೊಬ್ಬನು ಬಿಡಿಸುವುದು ತ್ಯಾಗವಲ್ಲ, ಅದು ನಷ್ಟ. ನಷ್ಟವನ್ನು ಉಂಟುಮಾಡಿದವನು ಸಾಲಗಾರನಾಗುತ್ತಾನೆಯೇ ಹೊರತು ಗುರುವಾಗುವುದಿಲ್ಲ. ಜನಸೇವಕನು ಬಡವನ ಮುಂದೆ ತ್ಯಾಗದ ಉಪದೇಶವನ್ನು ಮಾಡತಕ್ಕದ್ದಲ್ಲ. ಪೂರ್ಣಬೆಲೆಯನ್ನು ಕೈಯಲ್ಲಿ ಹಿಡಿದು ಒಪ್ಪಿಗೆಯನ್ನು ಕೇಳತಕ್ಕದ್ದು. ಭದ್ರೆಯಲ್ಲಿ ಆದುದು ಹೆಚ್ಚುಕಡಿಮೆ ಇದೇ. ಅಲ್ಲಿಯೂ ಹುಟ್ಟಿದ ಊರು, ದೈವದ ಬನ, ಹಿರಿಯರ ನೆಲ ಇವುಗಳಿಗೆ ಬೆಲೆ ಕಟ್ಟಲಾಗಲಿಲ್ಲ ಎಂಬುದನ್ನು ಮರೆಯಬಾರದು. ಆ ಪಾಲು ಇಂದಿಗೂ ನಾಡಿನ ತಲೆಯ ಮೇಲಿನ ಋಣವಾಗಿಯೇ ಉಳಿದಿದೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಎಲ್ಲರ ಒಪ್ಪಿಗೆಗಾಗಿ ಕಾಯುತ್ತ ಕುಳಿತರೆ ಅಷ್ಟರಲ್ಲಿ ಕಾಡೇ ಉಳಿಯುವುದಿಲ್ಲವಲ್ಲ, ಆಡಳಿತಕ್ಕೆ ದಂಡ ಬೇಡವೇ ಎಂಬುದು ಆ ಆಕ್ಷೇಪ. ಈ ಮಾತಿನಲ್ಲಿ ತಥ್ಯವಿದೆ. ಆಕ್ರಮಿಸಿ ಬಂದವನನ್ನು ತಡೆಯುವಾಗ ಸಂಭವಿಸುವ ವಿರೋಧೀ ಹಿಂಸೆಯನ್ನು ಗೃಹಸ್ಥಧರ್ಮ ನಿಷೇಧಿಸಿಲ್ಲ. ಬಂದೂಕು ಹಿಡಿದು ಬಂದ ಕಳ್ಳಬೇಟೆಗಾರನೆದುರು, ರಾತ್ರಿಯಲ್ಲಿ ಬೀಟೆ ಮರವನ್ನು ಸಾಗಿಸುವವನೆದುರು ದಂಡವೇ ಧರ್ಮ. ಆದರೆ ಅದೇ ದಂಡವನ್ನು ಎರಡು ಎಕರೆಯ ಗದ್ದೆಯವನ ಮೇಲೆ ಎತ್ತಿ, ಇನ್ನೂರು ಎಕರೆಯವನ ಬೇಲಿಯ ಮುಂದೆ ಇಳಿಸಿದರೆ ಅದು ದಂಡವಾಗಿ ಉಳಿಯುವುದಿಲ್ಲ, ಪಕ್ಷಪಾತವಾಗುತ್ತದೆ. ನಾಯಕನ ನೀತಿಯನ್ನು ಅಳೆಯಲು ಅವನು ಎಲ್ಲಿ ಕಠಿಣನಾದ ಎಂಬುದಕ್ಕಿಂತ ಯಾರಿಂದ ಆರಂಭಿಸಿದ ಎಂಬುದೇ ಸರಿಯಾದ ಮಾನದಂಡ.

ವನ್ಯಜೀವಿಗಳ ವಿಷಯದಲ್ಲಿಯೂ ವೆಚ್ಚದ ಪ್ರಶ್ನೆ ತಪ್ಪದು. ಮೂಡಿಗೆರೆಯ ಸುತ್ತಮುತ್ತ ಕಾಡಾನೆಗಳು ಕಾಫಿ ತೋಟಗಳಲ್ಲಿ ಸಂಚರಿಸುವುದು ಸಾಮಾನ್ಯವಾಗಿದೆ. 2022ರ ನವೆಂಬರ್‌ನಲ್ಲಿ ಆ ತಾಲ್ಲೂಕಿನಲ್ಲಿ ಮಹಿಳೆಯೊಬ್ಬರು ಆನೆಯ ದಾಳಿಗೆ ಬಲಿಯಾದಾಗ ಜನರ ಆಕ್ರೋಶ ಭುಗಿಲೆದ್ದಿತು. ಅನಂತರ ಸರ್ಕಾರ ಆನೆ ಕಾರ್ಯಪಡೆಯನ್ನು ರಚಿಸಿತು. ಬೆಳಗಿನ ಮಂಜಿನಲ್ಲಿ ನಡೆದು ತೋಟಕ್ಕೆ ಹೋಗುವ ಕೂಲಿಯಾಳಿಗೆ ಇರುವ ಅಪಾಯ ಜೀಪಿನಲ್ಲಿ ಬರುವ ಯಜಮಾನನಿಗಿಲ್ಲ. ಆನೆಯನ್ನು ದ್ವೇಷಿಸುವುದು ಅಹಿಂಸೆಯಲ್ಲ. ಆನೆಯ ಮೇಲಿನ ದಯೆಯ ವೆಚ್ಚವನ್ನು ಕೂಲಿಯವರ ಮೇಲೆ ಹೊರಿಸಿ ನಿಶ್ಚಿಂತರಾಗುವುದೂ ಅಹಿಂಸೆಯಲ್ಲ. ಕಾಡಿನ ಕಾವಲುಗಾರರ ಸ್ಥಿತಿಯೂ ಇಂಥದೇ. 2023ರ ಫೆಬ್ರವರಿಯಲ್ಲಿ ನೆರೆಯ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡ್ಗಿಚ್ಚನ್ನು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ಪ್ರಾಣ ತೆತ್ತರು. ದಿನಗೂಲಿಯ ವಾಚರುಗಳ ದುಡಿಮೆಯ ಮೇಲೆ ದೊಡ್ಡ ಅರಣ್ಯಗಳ ರಕ್ಷಣೆ ನಿಂತಿದೆ. ತನ್ನ ಕೈಕೆಳಗಿನ ಕೊನೆಯವನಿಗೆ ಬೂಟು, ವಿಮೆ, ಸಕಾಲದ ಸಂಬಳ ದೊರೆಯುವಂತೆ ನೋಡುವುದು ಅರಣ್ಯಾಧಿಕಾರಿಯ ನಾಯಕತ್ವದ ಮೊದಲ ಪಾಠವಾಗಬೇಕು.

ಇಷ್ಟೆಲ್ಲವನ್ನೂ ಇಲಾಖೆಗೆ ಉಪದೇಶಿಸಿ ಶ್ರಾವಕ ಸಮಾಜವು ಕೈತೊಳೆದುಕೊಳ್ಳುವಂತಿಲ್ಲ. ಈ ಬೆಟ್ಟಗಳಲ್ಲಿ ತೋಟವುಳ್ಳ ಜೈನ ಕುಟುಂಬಗಳಿವೆ, ಬಸದಿಗಳಿಗೂ ಭೂಮಿಯಿದೆ. ಕಾಫಿ ನೆರಳನ್ನು ಬೇಡುವ ಬೆಳೆ. ಹಲಸು, ಅತ್ತಿ, ನಂದಿಗಳ ನೆರಳಿನ ಹಳೆಯ ತೋಟವು ಅರ್ಧ ಕಾಡೇ ಆಗಿರುತ್ತದೆ. ಅವುಗಳನ್ನು ತೆಗೆದು, ಕಡಿಯಲೂ ಮಾರಲೂ ಸುಲಭವಾದ ಸಿಲ್ವರ್ ಓಕನ್ನು ಮಾತ್ರ ಬೆಳೆಸುವಾಗ ಎಷ್ಟು ಜೀವಗಳ ಆಶ್ರಯ ಹೋಯಿತೆಂಬುದನ್ನು ಯಾವ ಕಾಯಿದೆಯೂ ಕೇಳುವುದಿಲ್ಲ, ಅಣುವ್ರತ ಕೇಳುತ್ತದೆ. ತೋಟಗಾರರು ಒತ್ತುವರಿ ಮಾಡಿದ ಸರ್ಕಾರಿ ಕಂದಾಯ ಭೂಮಿಯನ್ನು 25 ಎಕರೆಯ ಮಿತಿಯಲ್ಲಿ 30 ವರ್ಷಗಳ ಗುತ್ತಿಗೆಗೆ ಕೊಡಲು 2022ರಲ್ಲಿ ಭೂಕಂದಾಯ ಕಾಯಿದೆಗೆ ತಿದ್ದುಪಡಿಯಾಯಿತು. ಕಾಯಿದೆ ಕ್ಷಮಿಸಿದ ಮಾತ್ರಕ್ಕೆ ಕ್ಷೇತ್ರವೃದ್ಧಿಯ ಅತಿಚಾರವು ಕ್ಷಮಿಸಲ್ಪಡುವುದಿಲ್ಲ. ಬೇಲಿಯ ಕಲ್ಲು ಪ್ರತಿ ತಲೆಮಾರಿನಲ್ಲಿಯೂ ನಾಲ್ಕು ಮಾರು ಮುಂದೆ ಸರಿದಿದ್ದರೆ, ಅದನ್ನು ಸರಿಸಿದ ಕೈ ಯಾವುದೆಂದು ಮನೆಯವರಿಗೆ ತಿಳಿದೇ ಇರುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲೊಂದು ಕರ್ತವ್ಯವಿದೆ. ಜೀರ್ಣೋದ್ಧಾರಕ್ಕೆ ತರುವ ತೊಲೆ, ಬಾಗಿಲುಗಳಿಗೆ ರಹದಾರಿ ಇದೆಯೇ ಎಂದು ವಿಚಾರಿಸದೆ ಅಗ್ಗದ ಮರವನ್ನು ಕೊಂಡರೆ, ಕದ್ದ ಮಾಲನ್ನು ಪಡೆಯುವ ತದಾಹೃತಾದಾನವೆಂಬ ದೋಷವು ಅಚೌರ್ಯವ್ರತಕ್ಕೆ ತಗಲುತ್ತದೆ. ಜಿನಬಿಂಬದ ಮುಂದಿನ ಬಾಗಿಲೇ ಕಳವಿನ ಮರದ್ದಾದರೆ ಒಳಗೆ ನಡೆಯುವ ಪೂಜೆಗೆ ಯಾವ ಅರ್ಥ ಉಳಿಯುತ್ತದೆ? ಬಸದಿಯ ತೋಟದಲ್ಲಿ ಒಂದು ಭಾಗವನ್ನಾದರೂ ಕೊಡಲಿ ತಾಗದ ಬನವಾಗಿ ಬಿಡುವುದು, ಬೇಸಿಗೆಯಲ್ಲಿ ಕಾಡಂಚಿನ ತರಗೆಲೆಗಳಿಗೆ ಬೆಂಕಿ ಬೀಳದಂತೆ ಎಚ್ಚರ ವಹಿಸುವುದು, ತೋಟದ ಕೂಲಿಯವರಿಗೆ ಆನೆಯ ಸಂಚಾರದ ಸುದ್ದಿ ಮುಟ್ಟುವವರೆಗೆ ಕೆಲಸಕ್ಕೆ ಕರೆಯದಿರುವುದು ಇವು ದೊಡ್ಡ ಕಾರ್ಯಗಳಲ್ಲ. ಆದರೆ ಮಂಡಳಿಯ ಒಂದು ಠರಾವಿನಿಂದ ನಾಳೆಯೇ ಆರಂಭಿಸಬಹುದಾದ ಕಾರ್ಯಗಳು.

ಭೈರರಸರ ರಾಜ್ಯ ಅಳಿಯಿತು. ಗಣಿಯ ಗುತ್ತಿಗೆಯೂ ಮುಗಿಯಿತು. ಅಗೆದ ಗಾಯವನ್ನು ಹೊತ್ತು ಬೆಟ್ಟ ಉಳಿದಿದೆ, ಭದ್ರೆ ಹರಿಯುತ್ತಿದ್ದಾಳೆ. ಆಳಿದವರೆಲ್ಲರೂ ಅದರ ತಾತ್ಕಾಲಿಕ ಮೊಕ್ತೇಸರರಾಗಿದ್ದರು, ಇಂದಿನವರೂ ಅಷ್ಟೇ. ಪಡೆದುದಕ್ಕಿಂತ ಕಡಿಮೆಯಾಗದಂತೆ ಒಪ್ಪಿಸುವುದು, ಒಪ್ಪಿಸುವಾಗ ದುರ್ಬಲನ ಖಾತೆಯಲ್ಲಿ ಸಾಲವನ್ನು ಬರೆಯದಿರುವುದು, ಇವೆರಡು ನಿಯಮಗಳನ್ನು ಪಾಲಿಸುವವನೇ ನಿಜವಾದ ವನಪಾಲಕನು. ಅವನು ಸಮವಸ್ತ್ರದಲ್ಲಿರಲಿ, ಬಸದಿಯ ಗದ್ದುಗೆಯ ಬಳಿಯಿರಲಿ, ತೋಟದ ಬೇಲಿಯ ಬಳಿಯಿರಲಿ, ಶ್ರಾವಕರು ಅಂಥವನ ಬೆನ್ನಿಗೆ ನಿಲ್ಲುವುದು ಧರ್ಮಪ್ರಭಾವನೆಯೇ ಸರಿ.